ಭಾನುವಾರದ ರೈಡ್: ಮೊದಲು ಬ್ರೇಕ್ ನೋಡಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 5:45ಕ್ಕೆ ಚಿಕ್ಕಬಳ್ಳಾಪುರದಿಂದ ಹೊರಟು ನಂದಿ ಬೆಟ್ಟದ ಬುಡದ ಮಣ್ಣುದಾರಿಯಲ್ಲಿ ಸೈಕಲ್ ರೈಡ್.

ಬರುವ ಮುಂಚೆ ಬ್ರೇಕ್ ಪ್ಯಾಡ್ ಬಿಚ್ಚಿ ನೋಡಿ. ಕಳೆದ ಸಲ ನಾನು ಚೈನಿಗೆ ಎಣ್ಣೆ ಹೊಡೆಯುವಾಗ ಎರಡು ಹನಿ ಡಿಸ್ಕ್ (ಪ್ಯಾಡ್ ಒತ್ತಿ ಹಿಡಿಯುವ, ಚಕ್ರದ ಜೊತೆ ತಿರುಗುವ ತಟ್ಟೆ) ಮೇಲೆ ಬಿದ್ದಿತ್ತು. ಇಳಿಜಾರಿನಲ್ಲಿ ಕೀರ್ ಅಂತ ಸದ್ದು, ಲಿವರ್ ಪೂರ್ತಿ ಹಿಡಿದರೂ ಸೈಕಲ್ ನಿಲ್ಲಲಿಲ್ಲ. ಲಂಟಾನ ಪೊದೆ ಕಾಪಾಡಿತು, ಮೊಣಕೈ ಇನ್ನೂ ಉರಿಯುತ್ತಿದೆ. ಡಿಸ್ಕನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿದರೆ ಸಾಕು, ಎಣ್ಣೆ ಕುಡಿದ ಪ್ಯಾಡ್ ಮಾತ್ರ ಎಸೆಯೋದೇ. ಶಿಮಾನೊ ಕಂಪನಿಯ ಹೈಡ್ರಾಲಿಕ್ (ದ್ರವದ ಒತ್ತಡದಿಂದ ಹಿಡಿಯುವ) ಬ್ರೇಕ್ ಇದ್ದವರು ಅದರೊಳಗೆ ಮಿನರಲ್ ಆಯಿಲ್ಲೇ ಹಾಕಿ. ಮನೆಯಲ್ಲಿದೆ ಅಲ್ವಾ ಅಂತ ಮೋಟಾರ್ ಬೈಕಿನ ಡಾಟ್ ಫ್ಲೂಯಿಡ್ (ಅದರ ಬ್ರೇಕಿನ ದ್ರವ) ಸುರಿದರೆ ಒಳಗಿನ ಸೀಲ್ ಹಾಳಾಗುತ್ತದೆ.

ಇಳಿಯುವಾಗ ಉದ್ದಕ್ಕೂ ಲಿವರ್ ಹಿಡಿದೇ ಇರಬೇಡಿ, ಡಿಸ್ಕ್ ಕಾದು ಹಿಡಿತ ಕಮ್ಮಿಯಾಗುತ್ತದೆ. ತಿರುವಿಗೆ ಮುಂಚೆಯೇ ವೇಗ ಇಳಿಸಿ.

ಹತ್ತಿ ಬರುವವರಿಗೆ ದಾರಿ ಬಿಡಿ. ಕುರಿಮಂದೆ ಎದುರಾದರೆ ಇಳಿದು ನಿಂತುಬಿಡಿ. ಸುಮ್ನೆ ಬೆಲ್ ಹೊಡೆದರೆ ಚೆದುರುತ್ತವೆ, ಆಮೇಲೆ ಒಟ್ಟುಗೂಡಿಸೋ ಪಾಡು ಕುರಿ ಕಾಯೋ ಅಜ್ಜನದು. ರಾಗಿ ಹೊಲದ ಬದು, ದ್ರಾಕ್ಷಿ ತೋಟದೊಳಗೆ ಸೈಕಲ್ ನುಗ್ಗಿಸೋದು ಬೇಡವೇ ಬೇಡ.

ಶನಿವಾರ ರಾತ್ರಿ ಜೋರು ಮಳೆ ಬಂದರೆ ರೈಡ್ ಇಲ್ಲ. ಬರುವವರು ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ.