‘ವಿಷಪೂರಿತ ಹಾವು’ ಅಂದರೆ ಯಾವ ಹಾವು?

ಮಾನ್ಯ ಸಂಪಾದಕರೇ,

ಕಳೆದ ಮಂಗಳವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಆರು ಸಾಲಿನ ಸುದ್ದಿಯೊಂದಿತ್ತು. ಬೆಟ್ಟಕ್ಕೆ ದರಗು (ಉದುರಿದ ಒಣ ಎಲೆ) ಗುಡಿಸಲು ಹೋಗಿದ್ದ ಹೆಂಗಸೊಬ್ಬರಿಗೆ ‘ವಿಷಪೂರಿತ ಹಾವು’ ಕಚ್ಚಿ ಅವರು ತೀರಿಕೊಂಡರು ಎಂದು. ಪಕ್ಕದಲ್ಲಿ ಹೆಡೆ ಬಿಚ್ಚಿದ ನಾಗರಹಾವಿನ ಚಿತ್ರ. ಆ ಚಿತ್ರ ನನಗೆ ಹಳೆಯ ಪರಿಚಯ. ಹೋದ ವರ್ಷ ಗದ್ದೆ ಕೆಲಸದ ಹುಡುಗನೊಬ್ಬ ಹೋದಾಗಲೂ ಅದೇ ಹಾವು, ಅದೇ ಹೆಡೆ, ಹಿಂದೆ ಅದೇ ಒಣಹುಲ್ಲು.

ನಾನು ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರ್ತಿ. ವಯಸ್ಸು 58. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಕೊಟ್ಟಿಗೆ, ತೋಟ, ಸೊಪ್ಪಿನ ಬೆಟ್ಟ ಎಂದು ಸುತ್ತಿದವಳು. ಹಾವು ಕಂಡರೆ ಕಿರುಚುವ ಕಾಲ ದಾಟಿ ಬಹಳ ವರ್ಷವಾಯಿತು. ಆದರೆ ‘ವಿಷಪೂರಿತ ಹಾವು’ ಎಂಬ ಹಾವನ್ನು ನಾನಿನ್ನೂ ನೋಡಿಲ್ಲ. ನಾನು ನೋಡಿದ್ದು ನಾಗರ, ಕೊಳಕುಮಂಡಲ, ಕಟ್ಟುಹಾವು, ಕಾಳಿಂಗ, ಮೆಣಸಿನ ಬಳ್ಳಿಯಲ್ಲಿ ಕೂರುವ ಗುಳಿ ಮಂಡಲ. ಒಂದೊಂದರ ಜಾಗ ಬೇರೆ, ಹೊತ್ತು ಬೇರೆ, ಕಚ್ಚುವ ರೀತಿಯೂ ಬೇರೆ. ಹೆಸರಿಲ್ಲದೆ ಸುದ್ದಿ ಬರೆದರೆ ನಮ್ಮಂಥವರಿಗೆ ಅದರಿಂದ ಏನು ತಿಳಿಯಬೇಕು?

2018ರ ನವೆಂಬರ್‌ನಲ್ಲಿ ನಮ್ಮ ಮನೆಯಲ್ಲೇ ನಡೆದದ್ದನ್ನು ಹೇಳುತ್ತೇನೆ. ಅಡಿಕೆ ಗೊನೆಯ ಕೊಯ್ಲು ಶುರುವಾಗಿತ್ತು. ಅಡಿಕೆ ಸುಲಿಯಲು ಹಾವೇರಿ ಕಡೆಯಿಂದ ಎಂಟು ಮಂದಿ ಬಂದಿದ್ದರು. ಚಪ್ಪರದ ಕೆಳಗೆ, ಸಿಪ್ಪೆಯ ರಾಶಿಯ ಪಕ್ಕದಲ್ಲೇ ಚಾಪೆ ಹಾಸಿ ಮಲಗುತ್ತಿದ್ದರು. ಒಂದು ದಿನ ಬೆಳಗಿನ ಜಾವ, ಇನ್ನೂ ಬಚ್ಚಲ ಒಲೆಗೆ ಬೆಂಕಿ ಹಾಕುತ್ತಿದ್ದೆ, ಅವರಲ್ಲೊಬ್ಬ 22 ವರ್ಷದ ಹುಡುಗ ಹಿತ್ತಲ ಬಾಗಿಲಿಗೆ ಬಂದು, “ಅವ್ವಾರ, ಹೊಟ್ಟಿ ಭಾಳ ನೋಯಾಕತ್ತೈತ್ರೀ” ಎಂದ. ಹಿಂದಿನ ರಾತ್ರಿ ಅವರೆಲ್ಲ ಕೋಳಿ ಸಾರು ಮಾಡಿ ಉಂಡಿದ್ದರು. ಅಜೀರ್ಣವಿರಬೇಕೆಂದು ಜೀರಿಗೆ ಕಷಾಯ ಕಾಸಿ ಕೊಟ್ಟೆ. ಕುಡಿಯಲು ಹೋದರೆ ಗಂಟಲಲ್ಲಿ ಇಳಿಯದೆ ಕಟಬಾಯಿಂದ ಸುರಿಯಿತು. ಮಾತು ತೊದಲುತ್ತಿತ್ತು. ರೆಪ್ಪೆ ಜೋಲುತ್ತಿತ್ತು. ನಾನೇನು ಹೇಳಿದೆ ಗೊತ್ತೇ? “ರಾತ್ರಿ ಎಷ್ಟು ಕುಡಿದಿದ್ದೀಯೋ ಮಾರಾಯ, ಹೋಗಿ ಇನ್ನೊಂದು ಗಳಿಗೆ ಮಲಗು.”

ಆ ಮಾತನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಕಸಿವಿಸಿಯಾಗುತ್ತದೆ. ಅವನು ಮಲಗಿದ್ದರೆ ಏಳುತ್ತಿರಲಿಲ್ಲ.

ಅವನ ಸೋದರಮಾವ ಚಾಪೆ ಸುತ್ತುವಾಗ ಕೂಗಿಕೊಂಡ. ಗೋಣಿಚೀಲದ ಸಂದಿಯಲ್ಲಿ ಕಪ್ಪಗೆ ಮಿರುಗುವ ಹಾವು, ಮೈಮೇಲೆ ತೆಳ್ಳನೆಯ ಬಿಳಿ ಕಟ್ಟುಗಳು. ನಮ್ಮನೆಯವರು ನೋಡಿದವರೇ ಜೀಪ್ ತೆಗೆದರು. ತಾಲ್ಲೂಕಿಗೆ ಮುಟ್ಟುವಾಗ ಹುಡುಗನಿಗೆ ಕುತ್ತಿಗೆ ನಿಲ್ಲುತ್ತಿರಲಿಲ್ಲ. ಅಲ್ಲಿ ಇಂಜೆಕ್ಷನ್ ಶುರು ಮಾಡಿ, ಆಂಬುಲೆನ್ಸ್‌ನಲ್ಲಿ ಬಾಯಿಗೆ ಕೊಳವೆ ಹಾಕಿ, ಚೀಲ ಒತ್ತಿ ಒತ್ತಿ ಉಸಿರು ಕೊಡುತ್ತಾ ಶಿವಮೊಗ್ಗಕ್ಕೆ ಒಯ್ದರು. ನಾಲ್ಕು ದಿನ ವೆಂಟಿಲೇಟರ್. ಕಚ್ಚಿದ ಗುರುತು ಕೊನೆಗೆ ಸಿಕ್ಕಿದ್ದು ಮೊಣಕೈ ಹಿಂದೆ, ಸೂಜಿ ತಾಗಿದಷ್ಟು. ಊತವಿಲ್ಲ, ಉರಿಯಿಲ್ಲ. ಕಟ್ಟುಹಾವಿನ ಬುದ್ಧಿಯೇ ಅದು. ರಾತ್ರಿ ನೆಲದಲ್ಲಿ ಮಲಗಿದವರ ಹಾಸಿಗೆಗೆ ಬರುತ್ತದೆ. ಹಲ್ಲು ಎಷ್ಟು ಚಿಕ್ಕದೆಂದರೆ ನಿದ್ದೆಯಲ್ಲಿ ಕಚ್ಚಿಸಿಕೊಂಡವನಿಗೆ ಎಚ್ಚರವೂ ಆಗದೇ ಹೋಗಬಹುದು. ವಿಷ ಹತ್ತುವುದು ನರಕ್ಕೆ. ಮೊದಲು ಹೊಟ್ಟೆನೋವು, ಆಮೇಲೆ ರೆಪ್ಪೆ, ನಾಲಿಗೆ, ಕೊನೆಗೆ ಉಸಿರು.

ಹುಡುಗ ಬದುಕಿದ. ಈಗಲೂ ವರ್ಷ ವರ್ಷ ಬರುತ್ತಾನೆ, ಮಗಳಿಗೆ ನಮ್ಮನೆಯ ಅಪ್ಪೆಮಿಡಿ ಉಪ್ಪಿನಕಾಯಿ ಒಯ್ಯುತ್ತಾನೆ.

ಆ ಸುದ್ದಿ ಮೂರನೇ ದಿನ ಪತ್ರಿಕೆಯಲ್ಲಿ ಬಂತು (ನಿಮ್ಮದೋ ಬೇರೆಯದೋ, ಜಗಳ ಬೇಡ): ‘ವಿಷಪೂರಿತ ಹಾವು ಕಚ್ಚಿ ಕೂಲಿ ಕಾರ್ಮಿಕ ಗಂಭೀರ’. ಜೊತೆಗೆ ನಾಗರಹಾವಿನ ಹೆಡೆ. ಅದನ್ನು ಓದಿ ನಮ್ಮ ಸುತ್ತಲಿನ ಮೂರು ಮನೆಯವರು ನಾಗನಿಗೆ ಏನೋ ಅಪಚಾರವಾಗಿದೆ ಎಂದು ಆಶ್ಲೇಷಾ ಬಲಿ ಮಾಡಿಸಿದರು. ಮಾಡಿಸಲಿ, ನಾನೂ ನಾಗರ ಪಂಚಮಿಗೆ ಬನಕ್ಕೆ ಹಾಲು ಒಯ್ಯುವವಳೇ. ಆದರೆ ಆ ಮೂರು ಮನೆಗಳಲ್ಲಿ ಒಂದರಲ್ಲೂ ಸುಲಿಯುವವರಿಗೆ ಮಂಚ ಬರಲಿಲ್ಲ. ಸೊಳ್ಳೆಪರದೆ ಬರಲಿಲ್ಲ. ‘ಕಟ್ಟುಹಾವು, ಚಪ್ಪರದಲ್ಲಿ ನೆಲದ ಮೇಲೆ ಮಲಗಿದ್ದಾಗ’ ಎಂದು ನಾಲ್ಕೈದು ಪದ ಹೆಚ್ಚು ಅಚ್ಚಾಗಿದ್ದರೆ ಒಬ್ಬರಿಗಾದರೂ ಹೊಳೆಯುತ್ತಿತ್ತೇನೋ. ನಮ್ಮ ಚಪ್ಪರದಲ್ಲಿ ಆ ವಾರವೇ ಹಲಗೆ ಹಾಕಿ ಅಟ್ಟಣಿಗೆ ಕಟ್ಟಿಸಿದೆವು. ಪರದೆಯ ಅಂಚನ್ನು ಚಾಪೆಯ ಕೆಳಗೆ ಸಿಕ್ಕಿಸಿಯೇ ಮಲಗಬೇಕೆಂದು ನಾನೇ ರಾತ್ರಿ ಟಾರ್ಚ್ ಹಿಡಿದು ನೋಡಿ ಬರುತ್ತೇನೆ. ಬೈದುಕೊಳ್ಳುತ್ತಾರೆ, ಬೈದುಕೊಳ್ಳಲಿ.

ಕೊಳಕುಮಂಡಲದ್ದು ಇನ್ನೊಂದು ಕಥೆ. ನನ್ನ ಅಣ್ಣನ ಮಗ ಬೆಂಗಳೂರಿನಿಂದ ಬಂದಿದ್ದ. ಗದ್ದೆ ಅಂಚಿನಲ್ಲಿ ದಪ್ಪನೆಯ ಹಾವು ಸುತ್ತಿಕೊಂಡು ಮಲಗಿದ್ದನ್ನು ನೋಡಿ, “ಅತ್ತೆ, ಹೆಬ್ಬಾವಿನ ಮರಿ ಬಾ” ಎಂದು ಮೊಬೈಲ್ ಹಿಡಿದು ಕುಕ್ಕರುಗಾಲಲ್ಲಿ ಕೂತ. ನಾನು ಇನ್ನೂ ಮೇಲಿನ ಗದ್ದೆಯಲ್ಲಿದ್ದೆ, ಹಾವು ಕಾಣಲಿಲ್ಲ, ಸದ್ದು ಕೇಳಿಸಿತು. ಕುಕ್ಕರಿನ ಸೀಟಿ ಹೊಡೆಯುವ ಮೊದಲು ಬರುತ್ತದಲ್ಲ, ಬಿಡದೆ ಸುಂಯ್ ಎನ್ನುವ ಸದ್ದು, ಅದೇ. ಹೆಬ್ಬಾವು ಹಾಗೆ ಕೂಗುವುದಿಲ್ಲ. “ಕೂತಲ್ಲಿಂದಲೇ ಹಿಂದೆ ಸರಿ, ಮೊಬೈಲ್ ಬಿದ್ದರೆ ಬೀಳಲಿ” ಎಂದೆ. ಪುಣ್ಯಕ್ಕೆ ಮಾತು ಕೇಳಿದ. ಬೆನ್ನ ಮೇಲೆ ಸರಪಳಿಯ ಹಾಗೆ ಸಾಲಾಗಿ ಕೋದ ಕಂದು ಮಚ್ಚೆಗಳಿದ್ದರೆ ಅದು ಕೊಳಕುಮಂಡಲ. ಹೆಬ್ಬಾವಿನ ಮಚ್ಚೆಗೆ ಆ ಲೆಕ್ಕಾಚಾರವಿಲ್ಲ, ಕೈತಪ್ಪಿ ಬಣ್ಣ ಚೆಲ್ಲಿದ ಹಾಗಿರುತ್ತದೆ. ಹೆಬ್ಬಾವಿನ ಮರಿಯೆಂದು ಎತ್ತಿಕೊಳ್ಳಲು ಹೋಗಿ ಕಚ್ಚಿಸಿಕೊಂಡವರು ಇದ್ದಾರೆ. ಇದರ ವಿಷ ರಕ್ತಕ್ಕೆ. ಕಚ್ಚಿದ ಕಡೆ ಊದಿ, ರಕ್ತ ಹೆಪ್ಪುಗಟ್ಟುವ ಗುಣ ಕಳೆದುಕೊಂಡು ಒಸಡಿನಿಂದಲೂ ಒಸರುತ್ತದೆ, ಕಿಡ್ನಿ ಹೋಗುತ್ತದೆ.

ನೋಡಿ, ಒಂದಕ್ಕೆ ಮಂಚ ಬೇಕು, ಇನ್ನೊಂದಕ್ಕೆ ಗಂಬೂಟು ಮತ್ತು ಟಾರ್ಚ್ ಬೇಕು. ನಿಮ್ಮಲ್ಲಿ ಎರಡಕ್ಕೂ ಒಂದೇ ಹೆಸರು.

ಮೂರನೆಯದು ಮೆಣಸು ಕೊಯ್ಲಿನಲ್ಲಿ ಆದದ್ದು. ಎರಡು ವರ್ಷದ ಹಿಂದೆ, ಫೆಬ್ರವರಿಯಲ್ಲಿ. ಏಣಿ ಹತ್ತಿದ್ದ ಆಳು ಬಳ್ಳಿಯೊಳಗೆ ಕೈ ಹಾಕಿದ, ಹೆಬ್ಬೆರಳಿಗೆ ಕಚ್ಚಿತು. ಎಲೆಯ ಹಸಿರಿಗೂ ಅದರ ಹಸಿರಿಗೂ ವ್ಯತ್ಯಾಸವೇ ಇಲ್ಲ. ಹಗಲೆಲ್ಲ ಒಂದೇ ಭಂಗಿಯಲ್ಲಿ ಕೂತಿರುವ ಗುಳಿ ಮಂಡಲ, ಕಚ್ಚಿದ ಮೇಲೂ ಅಲ್ಲಿಂದ ಕದಲಿರಲಿಲ್ಲ. (ಇದು ಹಸಿರೊಂದೇ ಅಲ್ಲ, ಕಂದು, ಹಳದಿ ಮೈಯದ್ದೂ ಇರುತ್ತದೆ. ನಮ್ಮ ತೋಟದಲ್ಲೇ ಎರಡು ಬಣ್ಣದ್ದು ಕಂಡಿದ್ದೇನೆ.) ಜೊತೆಯವರು ಬೈರಾಸು ಹರಿದು ಮಣಿಕಟ್ಟಿಗೆ ಬಿಗಿದು ಕಟ್ಟಿದ್ದರು, ಕೈ ನೀಲಿಗಟ್ಟುತ್ತಿತ್ತು. ಆಸ್ಪತ್ರೆಯಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಮೊದಲು ಅದಕ್ಕೇ ಗದರಿದರು: “ಕಟ್ಟಬಾರದು, ಕೊಯ್ಯಬಾರದು, ಚೀಪಬಾರದು. ಕೈ ಅಲ್ಲಾಡಿಸದ ಹಾಗೆ ಹಿಡಿದುಕೊಂಡು ಬಂದರೆ ಸಾಕು.” ನನ್ನ ಮಗ ದೂರದಿಂದಲೇ ಹಾವಿನ ಫೋಟೋ ತೆಗೆದಿದ್ದ. ಅದನ್ನು ನೋಡಿ ಅವರು ಅವಸರ ಮಾಡಲಿಲ್ಲ. ಗಾಜಿನ ನಳಿಕೆಯಲ್ಲಿ ಒಂದಿಷ್ಟು ರಕ್ತ ತೆಗೆದು, ಅಲುಗಿಸದೆ 20 ನಿಮಿಷ ಇಟ್ಟು, ಓರೆ ಮಾಡಿ ನೋಡಿದರು. ಹೆಪ್ಪುಗಟ್ಟಿತ್ತು, ಅಂದರೆ ವಿಷ ರಕ್ತವನ್ನು ಕೆಡಿಸಿರಲಿಲ್ಲ. ಮತ್ತೆ ಮತ್ತೆ ಹಾಗೇ ನೋಡಿ ಮರುದಿನ ಮನೆಗೆ ಕಳಿಸಿದರು. ಕೈ ವಾರವಿಡೀ ಬೂದುಗುಂಬಳದಂತೆ ಊದಿತ್ತು, ಅಷ್ಟೇ.

ಪ್ರತಿವಿಷ ಯಾಕೆ ಕೊಡಲಿಲ್ಲ ಎಂದು ನಾನು ಕೇಳಿದೆ. ಆಗ ತಿಳಿಯಿತು: ನಮ್ಮ ದೇಶದಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷವನ್ನು ಕುದುರೆಗೆ ಸ್ವಲ್ಪಸ್ವಲ್ಪವೇ ಚುಚ್ಚಿ, ಅದರ ರಕ್ತದಿಂದ ತಯಾರಿಸಿದ್ದು. ಗುಳಿ ಮಂಡಲಕ್ಕೆ ಅದು ನಾಟುವುದಿಲ್ಲ, ಸುಮ್ಮನೆ ಏರಿಸಿದರೆ ಅದರಿಂದಲೇ ಮೈಗೆ ಒಗ್ಗದೆ ಅಪಾಯವಾಗಬಹುದು. ದರಗಿನ ಅಡಿಯಲ್ಲಿ ಇರುವ, ಮೂಗು ಮೇಲಕ್ಕೆ ಚೂಪಾದ ಪುಟ್ಟ ಗುಳಿ ಮಂಡಲವೊಂದಿದೆ. ಗೇಣುದ್ದದ್ದು. ಅದು ಕಚ್ಚಿ ಕಿಡ್ನಿಗೆ ಪೆಟ್ಟು ಬಿದ್ದದ್ದೂ ಉಂಟು, ಅದಕ್ಕೂ ಈ ಔಷಧಿ ಕೆಲಸಕ್ಕೆ ಬಾರದು.

ಇದನ್ನು ಓದಿ ಯಾರೂ ಕಚ್ಚಿದ ಹಾವನ್ನು ಹೊಡೆದು ಚೀಲದಲ್ಲಿ ತುಂಬಿಕೊಂಡು ಆಸ್ಪತ್ರೆಗೆ ಓಡಬಾರದು. ಡಾಕ್ಟರು ಲಕ್ಷಣ ನೋಡಿಯೇ ಔಷಧಿ ಕೊಡುತ್ತಾರೆ, ಹಾವು ಹುಡುಕುತ್ತಾ ಕಳೆದ ಅರ್ಧ ಗಂಟೆ ಯಾರೂ ವಾಪಸು ಕೊಡುವುದಿಲ್ಲ. ನಾನು ಹೆಸರು ಕೇಳುತ್ತಿರುವುದು ಕಚ್ಚಿಸಿಕೊಂಡವರಿಗಲ್ಲ, ಇನ್ನೂ ಕಚ್ಚಿಸಿಕೊಳ್ಳದ ನಮಗಾಗಿ.

ಕಾಳಿಂಗನ ವಿಚಾರದಲ್ಲಿ ಮಾತ್ರ ನೀವು ಹೆಸರು ಬರೆಯುತ್ತೀರಿ, ಅದೂ ‘ಬೃಹತ್’ ಸೇರಿಸಿ. ಯಾರದೋ ಬಚ್ಚಲಲ್ಲಿ ಹಿಡಿದರು, ಇಷ್ಟು ಅಡಿ ಉದ್ದ, ಬಾಲ ಹಿಡಿದು ನಿಂತವನ ನಗುಮುಖ. ನಮ್ಮ ಸೊಪ್ಪಿನ ಬೆಟ್ಟದಲ್ಲಿ ಒಮ್ಮೆ ಮೇ ತಿಂಗಳಲ್ಲಿ ನಾನು ಕಂಡದ್ದನ್ನು ಕೇಳಿ. ಬಿದಿರು ಮಟ್ಟಿಯ ಹತ್ತಿರ ಯಾರೋ ದರಗು ಗುಡಿಸಿ ಬಿಟ್ಟುಹೋದ ಹಾಗೆ ಒಂದು ಗುಪ್ಪೆ. ನಾವ್ಯಾರೂ ಗುಡಿಸಿರಲಿಲ್ಲ. ಹತ್ತು ಮಾರು ದೂರದಿಂದ ನೋಡಿದರೆ ಗುಪ್ಪೆಯ ಮೇಲೆ ಕಾಳಿಂಗ ಸುತ್ತಿಕೊಂಡು ಕೂತಿದೆ. ಎದ್ದು ಅಟ್ಟಿಸಿಕೊಂಡು ಬರಲಿಲ್ಲ. ತಲೆ ಇಷ್ಟೇ ಎತ್ತಿ ನನ್ನನ್ನು ನೋಡಿತು. ನಾನು ಹಿಂದಕ್ಕೆ ಹೆಜ್ಜೆ ಹಾಕಿದೆ. ಎಲೆ ಒಟ್ಟಿ ಗೂಡು ಕಟ್ಟಿ ಮೊಟ್ಟೆ ಕಾಯುವ ಹಾವು ಇದೊಂದೇ ಎಂದು ಆಮೇಲೆ ತಿಳಿಯಿತು. ಇಲ್ಲೇ ಆಗುಂಬೆಯಲ್ಲಿ ಹಾವುಗಳ ತಜ್ಞ ರೋಮುಲಸ್ ವಿಟೇಕರ್ 2005ರಲ್ಲಿ ಸಂಶೋಧನಾ ಕೇಂದ್ರ ಶುರು ಮಾಡಿದ ಮೇಲೆ ಕಾಳಿಂಗನ ಬಗ್ಗೆ ಎಷ್ಟೋ ವಿಷಯ ನಮ್ಮೂರಿಗೂ ಗೊತ್ತಾಗತೊಡಗಿತು. ಆ ವರ್ಷ ನಾವು ಆ ಕಡೆಯ ಸೊಪ್ಪು ತರಲಿಲ್ಲ. ಗೊಬ್ಬರ ಎರಡು ಗಾಡಿ ಕಡಿಮೆಯಾಯಿತು, ನಮ್ಮನೆಯವರು ದೀಪಾವಳಿವರೆಗೂ ಅದನ್ನೇ ಹೇಳಿದರು. ಹೇಳುವಷ್ಟೂ ಹೇಳಲಿ ಎಂದು ಸುಮ್ಮನಿದ್ದೆ. ಕಾಳಿಂಗನ ಊಟವೇ ಬೇರೆ ಹಾವುಗಳು. ಅದಿರುವ ಬೆಟ್ಟದಲ್ಲಿ ನನಗೆ ಧೈರ್ಯ ಒಂದು ತೂಕ ಹೆಚ್ಚೇ.

2024ರಲ್ಲಿ ವಿಜ್ಞಾನಿಗಳು ಕಾಳಿಂಗ ಒಂದಲ್ಲ, ನಾಲ್ಕು ಬೇರೆ ಬೇರೆ ಜಾತಿ ಎಂದು ಕಂಡುಕೊಂಡರು. ನಮ್ಮ ಪಶ್ಚಿಮಘಟ್ಟದ್ದಕ್ಕೆ ‘ಓಫಿಯೋಫೇಗಸ್ ಕಾಳಿಂಗ’ ಎಂದು ಹೆಸರಿಟ್ಟರು. ನಮ್ಮಜ್ಜಿ ಕರೆಯುತ್ತಿದ್ದ ಹೆಸರೇ ಲೋಕದ ವಿಜ್ಞಾನದ ಪುಸ್ತಕ ಸೇರಿತು. ನಮ್ಮ ಮಾತಿನಲ್ಲಿ ಹಾವುಗಳಿಗೆ ಹೆಸರಿಗೇನೂ ಬರವಿಲ್ಲ. ಆದರೂ ಕನ್ನಡ ಪತ್ರಿಕೆಗೆ ‘ವಿಷಪೂರಿತ’ ಎಂಬ ಒಂದೇ ಹೆಸರು ಯಾಕೆ ಸಾಕಾಯಿತೋ.

ಅದೇ 2024ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಎಂದು ಘೋಷಿಸಿತು. ಸರ್ಕಾರಿ ಇರಲಿ ಖಾಸಗಿ ಇರಲಿ, ಕಡಿತಕ್ಕೂ ಸಾವಿಗೂ ಆಸ್ಪತ್ರೆ ಲೆಕ್ಕ ಕೊಡಬೇಕು. ಹಾಗಾಗಿ ವಿವರ ಎಲ್ಲೋ ಒಂದು ಕಾಗದದಲ್ಲಿ ಇದ್ದೇ ಇರುತ್ತದೆ. ನಿಮ್ಮ ವರದಿಗಾರರು ಕೇಳಿದರೆ ಯಾವ ಹಾವು, ಎಷ್ಟು ಹೊತ್ತಿಗೆ, ಎಲ್ಲಿ, ಕಚ್ಚಿದ ಎಷ್ಟು ಹೊತ್ತಿಗೆ ಆಸ್ಪತ್ರೆ ಮುಟ್ಟಿದರು ಎಂಬುದು ಸಿಗಬಹುದು. ಹಾವು ಯಾವುದೆಂದು ಗೊತ್ತಾಗಿರದಿದ್ದರೆ ‘ಯಾವ ಹಾವೆಂದು ಗೊತ್ತಾಗಿಲ್ಲ’ ಎಂದೇ ಬರೆಯಿರಿ, ಅದೂ ಸುದ್ದಿಯೇ. ಹೆಡೆಯ ಚಿತ್ರವನ್ನು ಮಾತ್ರ ನಾಗರ ಕಚ್ಚಿದ ದಿನಕ್ಕೆ ಇಟ್ಟುಕೊಳ್ಳಿ.

ಮಂಗಳವಾರ ತೀರಿಕೊಂಡ ಆ ಹೆಂಗಸು ನಮ್ಮೂರಿನಿಂದ ಎರಡು ಊರು ಆಚೆಯವರು. ಅವರಿಗೆ ಕಚ್ಚಿದ್ದು ಕೊಳಕುಮಂಡಲವೋ, ದರಗಿನಡಿಯ ಆ ಪುಟ್ಟ ಹಾವೋ ಇಲ್ಲಿ ಯಾರಿಗೂ ಗೊತ್ತಿಲ್ಲ. ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ನಿಮ್ಮವರು ಒಂದು ಫೋನ್ ಮಾಡಿ ಕೇಳಿ ಬರೆಯುತ್ತೀರಾ? ಕೊಟ್ಟಿಗೆಗೆ ದರಗು ಖಾಲಿಯಾಗಿದೆ. ಸೋಮವಾರದಿಂದ ನಾವು ಆರು ಹೆಂಗಸರು ಅದೇ ಬೆಟ್ಟದ ಈಚೆ ಮಗ್ಗುಲಿಗೆ ಹೋಗಬೇಕು.

ಇಂತಿ,
ಒಬ್ಬ ಓದುಗಿ,
ತೀರ್ಥಹಳ್ಳಿ ತಾಲ್ಲೂಕು

(ಹೆಸರು ಅಚ್ಚು ಹಾಕಬೇಡಿ. ಆಶ್ಲೇಷಾ ಬಲಿ ಮಾಡಿಸಿದ ಮೂರು ಮನೆಯವರೂ ನಿಮ್ಮ ಪತ್ರಿಕೆಯನ್ನೇ ತರಿಸುತ್ತಾರೆ.)