ಎಡಕ್ಕೆ ತಿರುಗುತ್ತಿದ್ದ ಕಾರು

ಪ್ರೀತಿಯ ಪುಟ್ಟಿ,

ನೀನು ಶಾಲೆಗೆ ಹೋದ ಮೇಲೆ ಕುಳಿತು ಇದನ್ನು ಬರೆಯುತ್ತಿದ್ದೇನೆ. ಎದುರಿಗೇ ಹೇಳಹೊರಟರೆ ನಾನು ಅರ್ಧ ದಾರಿಯಲ್ಲಿ ಪಾಠ ಶುರು ಮಾಡಿಬಿಡುತ್ತೇನೆ, ನೀನು "ಆಯಿತು ಅಪ್ಪ" ಎಂದು ಎದ್ದು ಹೋಗುತ್ತೀಯ. ಕಾಗದದಲ್ಲಾದರೆ ಪಾಠ ಬಂದ ಕಡೆ ಹಾರಿಸಿ ಮುಂದಕ್ಕೆ ಹೋಗಬಹುದು.

ವಿಷಯ ನಿನ್ನ ರಟ್ಟಿನ ಕಾರಿನದು. ನಾಲ್ಕು ದಿನದಿಂದ ಅದು ಪುಸ್ತಕದ ಕಪಾಟಿನ ಮೇಲೆ ಕುಳಿತಿದೆ. ಭಾನುವಾರ ಬೆಳಗ್ಗೆ ಒಂದೇ ಒಂದು ಸಲ ಓಡಿಸಿ, "ನಿನ್ನ ಕಾರು ಚೆನ್ನಾಗಿದೆ ಅಪ್ಪ" ಎಂದು ಹೇಳಿ ನೀನೇ ಅದನ್ನು ಅಲ್ಲಿಟ್ಟೆ. ನಾನು ಆಗ ಕೇಳಿಸಿಕೊಂಡದ್ದು "ಚೆನ್ನಾಗಿದೆ" ಎನ್ನುವುದನ್ನು ಮಾತ್ರ. "ನಿನ್ನ" ಎಂದದ್ದು ಕಿವಿಗೆ ಬೀಳಲು ಮಂಗಳವಾರವಾಯಿತು.

ಶನಿವಾರ ಮಧ್ಯಾಹ್ನವಿಡೀ ನೀನು ನೆಲದ ಮೇಲೆ ಕುಳಿತು ಅದನ್ನು ಮಾಡಿದ್ದೆ. ಶೂ ಡಬ್ಬ ಕಾರಿನ ಮೈ. ಬಾಟಲಿಯ ಮುಚ್ಚಳವನ್ನು ದಪ್ಪ ರಟ್ಟಿನ ಮೇಲಿಟ್ಟು ಸುತ್ತ ಪೆನ್ಸಿಲ್ ಎಳೆದು, ಕತ್ತರಿಸಿದ ನಾಲ್ಕು ಚಕ್ರಗಳು. ಅಚ್ಚಿಗೆ ಎರಡು ಬಿದಿರು ಕಡ್ಡಿ, ಅವು ತಿರುಗಲು ಡಬ್ಬದ ಕೆಳಗೆ ಅಂಟಿಸಿದ ಎರಡು ಸ್ಟ್ರಾ ತುಂಡು. ಚಕ್ರದ ತೂತನ್ನು ಕಣ್ಣಂದಾಜಿನಲ್ಲೇ ಪೆನ್ಸಿಲ್ ಮೊನೆಯಿಂದ ಚುಚ್ಚಿದ್ದೆ. ಡ್ರಾಯಿಂಗ್ ಬೋರ್ಡನ್ನು ನಾಲ್ಕು ಪುಸ್ತಕಗಳ ಮೇಲೆ ಓರೆಯಾಗಿ ಆನಿಸಿ ಕಾರನ್ನು ಬಿಟ್ಟಾಗ ಅದು ಕುಂಟುತ್ತಾ ಇಳಿದು, ಎಡಕ್ಕೆ ಹೊರಳಿ, ಮೇಜಿನ ಕಾಲಿಗೆ ಮುಖ ಕೊಟ್ಟು ನಿಂತಿತು. ಮತ್ತೆ ಬಿಟ್ಟೆ, ಮತ್ತೆ ಎಡಕ್ಕೆ. ಏಳು ಸಲ ಬಿಟ್ಟೆ. ನಿಂತ ಜಾಗಕ್ಕೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ಏಳೂ ಗುರುತುಗಳು ಒಂದು ಅಂಗೈ ಅಗಲದ ಜಾಗದೊಳಗೆ ಬಿದ್ದಿದ್ದವು. ಆಮೇಲೆ ಕಾರನ್ನು ಬೋರಲು ಹಾಕಿ ಹೊಟ್ಟೆಯ ಮೇಲೆ ಪೆನ್ಸಿಲ್‌ನಲ್ಲಿ "ಎಡಕ್ಕೆ ಯಾಕೆ?" ಎಂದು ಬರೆದು ಮಲಗಲು ಹೋದೆ.

ನನ್ನ ಕೈ ಸುಮ್ಮನಿರಲಿಲ್ಲ. ನಿನ್ನ ಚಕ್ರಗಳನ್ನು ಕಿತ್ತು ಕಸದ ಬುಟ್ಟಿಗೆ ಹಾಕಿದೆ. ಕೈವಾರ ತಂದು ಹೊಸ ವೃತ್ತ ಎಳೆದೆ, ಒಂದೊಂದು ಚಕ್ರಕ್ಕೆ ಮೂರು ಪದರ ರಟ್ಟು ಅಂಟಿಸಿದೆ, ಹೊಸ ಕಡ್ಡಿ ಹಾಕಿದೆ, ಸ್ಟ್ರಾಗಳನ್ನು ಅಳತೆ ಹಿಡಿದು ಬೇರೆ ಕಡೆ ಅಂಟಿಸಿದೆ. ಕೊನೆಗೆ ಅಂದವಾಗಿ ಕಾಣಲಿ ಎಂದು ಹೊಟ್ಟೆಯ ಮೇಲೆ ಬಿಳಿ ಹಾಳೆಯನ್ನೂ ಮೆತ್ತಿದೆ. ನಿನ್ನ ಪ್ರಶ್ನೆ ಅದರ ಕೆಳಗೆ ಹೋಯಿತು. ಬೆಳಗ್ಗೆ ಕಾರು ನೂಲು ಹಿಡಿದಂತೆ ನೇರ ಹೋಗಿ ಎದುರು ಗೋಡೆ ಮುಟ್ಟಿತು. ಚಪ್ಪಾಳೆಗಾಗಿ ಕಾದು ನಿಂತಿದ್ದ ನನ್ನ ಮುಖ ನಿನಗೆ ನೆನಪಿರಬಹುದು.

ತಪ್ಪಾಯಿತು ಪುಟ್ಟಿ. ಕೇಳದೆ ಮುಟ್ಟಿದ್ದು ಒಂದು ತಪ್ಪು. ಇನ್ನೊಂದು ತಪ್ಪು ನನಗೆ ಹೊಳೆದದ್ದು ನಿನ್ನೆ: ನಿನ್ನ ಕಾರು ಎಡಕ್ಕೆ ಯಾಕೆ ತಿರುಗುತ್ತಿತ್ತು ಎಂದು ಈಗ ನೀನು ಕೇಳಿದರೆ ನನಗೂ ಗೊತ್ತಿಲ್ಲ! ಚಕ್ರ, ಕಡ್ಡಿ, ಸ್ಟ್ರಾ ಎಲ್ಲವನ್ನೂ ಒಟ್ಟಿಗೆ ಬದಲಾಯಿಸಿದೆನಲ್ಲ, ಅವುಗಳಲ್ಲಿ ಕಳ್ಳ ಯಾವುದು ಎಂದು ಹೇಗೆ ಹೇಳಲಿ? ಮೂವರನ್ನೂ ಊರು ಬಿಟ್ಟು ಓಡಿಸಿದ ಮೇಲೆ ಕಳ್ಳತನ ನಿಂತಿತು ಎಂದು ಬೀಗಿದ ಹಾಗಾಯಿತು.

ಅದೃಷ್ಟಕ್ಕೆ ಬುಟ್ಟಿಯನ್ನು ಯಾರೂ ಖಾಲಿ ಮಾಡಿರಲಿಲ್ಲ. ನಿನ್ನ ನಾಲ್ಕೂ ಚಕ್ರಗಳು ಸಿಕ್ಕವು. ಮೇಜಿನ ಮೇಲಿಟ್ಟು ಸ್ಕೇಲ್ ಹಿಡಿದು ಅಳೆದೆ. ಒಂದೇ ಮುಚ್ಚಳ ಇಟ್ಟು ಗೆರೆ ಎಳೆದಿದ್ದರೂ ಕತ್ತರಿ ಎಲ್ಲ ಕಡೆಯೂ ಗೆರೆಯ ಮೇಲೇ ಹೋಗಿಲ್ಲ. ಮೂರು ಚಕ್ರಗಳ ವ್ಯಾಸ ಹೆಚ್ಚುಕಡಿಮೆ 6 ಸೆಂಟಿಮೀಟರ್, ಒಂದರದು 5.8. ಇನ್ನೊಂದರ ತೂತು ನಡುವಿನಿಂದ 3 ಮಿಲಿಮೀಟರ್ ಸರಿದಿದೆ. ಕುಂಟಾಟಕ್ಕೆ ಕಾರಣ ಈ ಸರಿದ ತೂತು, ಅದರಲ್ಲಿ ನನಗೆ ಅನುಮಾನವಿಲ್ಲ. ತೂತು ಪಕ್ಕದಲ್ಲಿದ್ದರೆ ಚಕ್ರದ ಒಂದು ಮಗ್ಗುಲು ಉದ್ದ, ಇನ್ನೊಂದು ಗಿಡ್ಡ. ಪ್ರತಿ ಸುತ್ತಿಗೊಮ್ಮೆ ಕಾರಿನ ಆ ಮೂಲೆ ಎದ್ದು ಬೀಳುತ್ತದೆ. ಆದರೆ ಕುಂಟುವುದು ಬೇರೆ, ಒಂದೇ ಕಡೆಗೆ ತಿರುಗುವುದು ಬೇರೆ.

ತಿರುಗುವುದಕ್ಕೆ ನನ್ನ ಅನುಮಾನ ಮೂರು ಕಡೆ ಇದೆ. ಮೊದಲನೆಯದು ಆ 5.8ರ ಚಕ್ರ. 6 ಸೆಂಟಿಮೀಟರ್ ಚಕ್ರ ಒಂದು ಸುತ್ತಿಗೆ 18.8 ಸೆಂಟಿಮೀಟರ್ ದಾರಿ ಸವೆಸಿದರೆ ಚಿಕ್ಕದು ಸವೆಸುವುದು 18.2 ಮಾತ್ರ. ಎರಡೂ ಒಂದೇ ಕಡ್ಡಿಗೆ ಗಟ್ಟಿಯಾಗಿ ಅಂಟಿವೆ, ಒಂದು ಬಿಟ್ಟು ಇನ್ನೊಂದು ತಿರುಗಲಾರದು. ಹಾಗಾಗಿ ಪ್ರತಿ ಸುತ್ತಿಗೂ ದೊಡ್ಡ ಚಕ್ರದ ಕಡೆ 6 ಮಿಲಿಮೀಟರ್ ಮುಂದೆ ಹೋಗುತ್ತದೆ, ಕಾರು ಚಿಕ್ಕ ಚಕ್ರದ ಕಡೆಗೆ ಹೊರಳುತ್ತದೆ. ಒಂದು ಕಾಗದದ ಲೋಟವನ್ನು ಮಲಗಿಸಿ ಉರುಳಿಸಿ ನೋಡು. ಬಾಯಿ ದೊಡ್ಡದು, ತಳ ಚಿಕ್ಕದು, ಅದು ಎಂದೂ ನೇರ ಹೋಗುವುದಿಲ್ಲ, ತಳದ ಸುತ್ತ ವೃತ್ತ ಹಾಕುತ್ತದೆ. ಎರಡನೆಯದು ಸ್ಟ್ರಾಗಳು. ಮುಂದಿನ ಅಚ್ಚೂ ಹಿಂದಿನ ಅಚ್ಚೂ ರೈಲು ಹಳಿಗಳಂತೆ ಸಮಾನಾಂತರವಾಗಿಲ್ಲದಿದ್ದರೆ, ಅವು ಒಂದಕ್ಕೊಂದು ಹತ್ತಿರವಾಗಿರುವ ಮಗ್ಗುಲಿಗೇ ಕಾರು ತಿರುಗುತ್ತದೆ. ಮೂರನೆಯದು ಉಜ್ಜಾಟ: ಯಾವುದಾದರೂ ಚಕ್ರ ಡಬ್ಬದ ಮೈಗೆ ತಾಗುತ್ತಿದ್ದರೆ ಆ ಕಡೆ ತಡೆ ಹೆಚ್ಚು. ಚಿಕ್ಕ ಚಕ್ರ ಎಡಗಡೆ ಇತ್ತೋ ಬಲಗಡೆ ಇತ್ತೋ ಎಂದು ನಾನು ಕೀಳುವಾಗ ನೋಡಲಿಲ್ಲ. ನಿನಗೆ ಗೊತ್ತಿರುತ್ತದೆ, ಏಕೆಂದರೆ ಒಂದು ಚಕ್ರಕ್ಕೆ ನೀನು ಕೆಂಪು ಬಣ್ಣ ಹಾಕಿದ್ದೆ, ಚಿಕ್ಕದು ಅದೇ.

ಹಳೆಯ ಚಕ್ರಗಳನ್ನು ಮತ್ತೆ ಹಾಕಿ ನೋಡುವುದಾದರೆ ಒಂದು ಸಲಕ್ಕೆ ಒಂದನ್ನೇ ಬದಲಾಯಿಸು. ಕೆಂಪು ಚಕ್ರ ಎಡಗಡೆ ಇದ್ದಿದ್ದರೆ, ಅದನ್ನು ಬಲಕ್ಕೆ ಹಾಕಿದಾಗ ಕಾರೂ ಬಲಕ್ಕೆ ತಿರುಗಿದರೆ ಕಳ್ಳ ಸಿಕ್ಕ. ಆಗಲೂ ಎಡಕ್ಕೇ ಹೋದರೆ ಸ್ಟ್ರಾ ಕಡೆ ನೋಡು. ಸೀಮೆಸುಣ್ಣದ ಗುರುತುಗಳನ್ನು ನಾನು ಒರೆಸಿಲ್ಲ.

ಇನ್ನು ಕಾರಿನ ಮೂತಿಯ ವಿಷಯ. ಬಾನೆಟ್ಟಿಗೆಂದು ರಟ್ಟನ್ನು ಬಾಗಿಸುವಾಗ ಅದು ನಡುವೆ ಲಟಕ್ಕೆಂದು ಮುರಿದು, ನೀನು ಸಿಟ್ಟಿನಿಂದ ಅದನ್ನು ಮಂಚದ ಕೆಳಗೆ ಎಸೆದೆ. ಅದು ನಿನ್ನ ಕೈಯ ದೋಷವಲ್ಲ. ಪೆಟ್ಟಿಗೆಯ ದಪ್ಪ ರಟ್ಟಿನ ಅಂಚನ್ನು ಕಣ್ಣಿನ ಹತ್ತಿರ ಹಿಡಿದು ನೋಡು: ಎರಡು ಹಾಳೆಗಳ ನಡುವೆ ಮೂರನೆಯದೊಂದು ಅಲೆಅಲೆಯಾಗಿ ಮಡಿದುಕೊಂಡಿದೆ. ಆ ಅಲೆಗಳು ಸಾಲು ಸಾಲು ಕೊಳವೆಗಳ ಹಾಗೆ. ಕೊಳವೆಗಳ ಸಾಲಿನುದ್ದಕ್ಕೆ ಮಡಿಸಿದರೆ ರಟ್ಟು ಸುಲಭವಾಗಿ ಬಾಗುತ್ತದೆ, ಅಡ್ಡಕ್ಕೆ ಮಡಿಸಿದರೆ ಕೊಳವೆಗಳೆಲ್ಲ ಒಟ್ಟಿಗೆ ಎದುರು ನಿಂತು, ಕೊನೆಗೆ ಜಜ್ಜಿಹೋಗುತ್ತವೆ. ನೀನು ಬಾಗಿಸಿದ್ದು ಅಡ್ಡಕ್ಕೆ. ನಾನು ಚಕ್ರದ ಮೂರು ಪದರಗಳನ್ನು ಅಂಟಿಸುವಾಗ ನಡುವಿನ ಪದರದ ಅಲೆಗಳನ್ನು ಬೇಕೆಂದೇ ಅಡ್ಡ ತಿರುಗಿಸಿದ್ದು ಇದೇ ಕಾರಣಕ್ಕೆ. ಆಗ ಚಕ್ರ ಯಾವ ಕಡೆಗೂ ಬಾಗುವುದಿಲ್ಲ.

ತೆಳು ಕಾಗದಕ್ಕೂ ಹೀಗೊಂದು ದಿಕ್ಕು ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಯಂತ್ರದಲ್ಲಿ ಕಾಗದ ತಯಾರಾಗುವಾಗ ನಾರುಗಳು ಹಾಳೆ ಓಡುವ ದಿಕ್ಕಿಗೇ ಹೆಚ್ಚಾಗಿ ಮಲಗುತ್ತವೆ. ಹಳೆಯ ವೃತ್ತಪತ್ರಿಕೆಯನ್ನು ಮೇಲಿನಿಂದ ಕೆಳಕ್ಕೆ ಹರಿ, ಆಮೇಲೆ ಅಡ್ಡ ಹರಿ. ಒಂದು ಕಡೆ ಗೆರೆ ಎಳೆದಂತೆ ಬರುತ್ತದೆ, ಇನ್ನೊಂದು ಕಡೆ ಅಂಕುಡೊಂಕು. ಡ್ರಾಯಿಂಗ್ ಹಾಳೆಯಿಂದ ಬಾನೆಟ್ ಮಾಡುವುದಾದರೆ ಮೊದಲು ಎರಡೂ ಕಡೆ ಮೆಲ್ಲಗೆ ಬಾಗಿಸಿ, ಯಾವ ಕಡೆ ಅದು ಸುಲಭವಾಗಿ ಮಾತು ಕೇಳುತ್ತದೆ ಎಂದು ಕೈಯಿಂದಲೇ ತಿಳಿದುಕೋ. ಮಡಿಕೆ ಬೇಕಾದ ಕಡೆ ಶಾಯಿ ಮುಗಿದ ಬಾಲ್ ಪೆನ್ನನ್ನು ಸ್ಕೇಲ್‌ಗೆ ಆನಿಸಿ ಒಮ್ಮೆ ಒತ್ತಿ ಎಳೆ. ಗೆರೆ ಬೀಳುವುದಿಲ್ಲ, ತಗ್ಗು ಬೀಳುತ್ತದೆ; ಕಾಗದ ಅಲ್ಲೇ ಮಡಿಯುತ್ತದೆ. ಬಿಳಿ ಗೋಂದಿನಲ್ಲಿ ನೀರಿರುವುದರಿಂದ ಜಾಸ್ತಿ ಬಳಿದರೆ ನಾರುಗಳು ಉಬ್ಬಿ ಹಾಳೆ ಹಪ್ಪಳದಂತೆ ಸುರುಳಿಯಾಗುತ್ತದೆ. ಬೆರಳಲ್ಲಿ ತೆಳ್ಳಗೆ ಸವರಿದರೆ ಸಾಕು.

ಈ ಅಲೆಯ ಹಾಳೆ ಮೊದಲು ಹುಟ್ಟಿದ್ದು ಪೆಟ್ಟಿಗೆಗಾಗಿ ಅಲ್ಲ, ಗೊತ್ತೇ? 1856ರಲ್ಲಿ ಇಂಗ್ಲೆಂಡಿನಲ್ಲಿ ಅದಕ್ಕೆ ಪೇಟೆಂಟ್ ಪಡೆದದ್ದು ಗಂಡಸರ ಎತ್ತರದ ಟೋಪಿಗಳ ಒಳಗೆ ಅಸ್ತರಿಯಾಗಿ ಹಾಕಲು. ಬಾಟಲಿಗಳಿಗೆ ಸುತ್ತಲು, ಪೆಟ್ಟಿಗೆ ಮಾಡಲು ಬಂದದ್ದು ಆಮೇಲೆ.

"ರಟ್ಟಿನ ಕಾರಿನಲ್ಲಿ ನಿಜವಾದ ಮನುಷ್ಯರು ಕೂರಬಹುದೇ?" ಎಂದು ಶನಿವಾರ ನೀನು ಕೇಳಿದಾಗ ನಾನು ನಕ್ಕುಬಿಟ್ಟೆ. ಪೂರ್ತಿ ನಗುವ ಪ್ರಶ್ನೆಯೇನೂ ಅಲ್ಲ. ಆಗಿನ ಪೂರ್ವ ಜರ್ಮನಿಯಲ್ಲಿ ಶುರುವಾಗಿ, 1957ರಿಂದ 1991ರವರೆಗೆ ಟ್ರಾಬಾಂಟ್ ಎನ್ನುವ ಕಾರು ತಯಾರಾಗುತ್ತಿತ್ತು. ಒಳಗಿನ ಚೌಕಟ್ಟು ಉಕ್ಕಿನದು, ಆದರೆ ಹೊರಮೈಯ ಹಲಗೆಗಳು ಹತ್ತಿಯ ಚಿಂದಿಯನ್ನು ರಾಳದೊಂದಿಗೆ ಬಿಸಿಯಲ್ಲಿ ಅದುಮಿ ಮಾಡಿದವು. ಜನ ಅದನ್ನು ರಟ್ಟಿನ ಕಾರು ಎಂದೇ ಆಡಿಕೊಳ್ಳುತ್ತಿದ್ದರು. ಆಡಿಕೊಂಡವರೇ ಅದರಲ್ಲಿ ಓಡಾಡಿದರು. 30 ಲಕ್ಷಕ್ಕೂ ಹೆಚ್ಚು ಕಾರುಗಳು ರಸ್ತೆಗಿಳಿದವು.

ಇನ್ನೊಬ್ಬರ ಕಥೆ ಹೇಳಬೇಕು, ಇದು ಪಾಠವಲ್ಲ, ಹಾರಿಸಬೇಡ. ಜರ್ಮನಿಯ ಕಾರ್ಲ್ ಬೆಂಜ್ ಎನ್ನುವವರು ತಮ್ಮ ಮೋಟಾರು ಗಾಡಿಯ ಪೇಟೆಂಟಿಗೆ 1886ರ ಜನವರಿ 29ರಂದು ಅರ್ಜಿ ಹಾಕಿದರು. ಅದಕ್ಕಿದ್ದದ್ದು ಮೂರೇ ಚಕ್ರ. ಮುಂದಿನ ಎರಡು ಚಕ್ರಗಳನ್ನು ಒಟ್ಟಿಗೆ ಸರಿಯಾಗಿ ತಿರುಗಿಸುವ ಉಪಾಯ ಅವರಿಗೆ ಇನ್ನೂ ಹೊಳೆದಿರಲಿಲ್ಲ, ಆದ್ದರಿಂದ ಒಂದೇ ಇಟ್ಟರು. (ನೀನೂ ನಾನೂ ಎಡ ಬಲ ಎಂದು ಒದ್ದಾಡುತ್ತಿರುವುದು ದೊಡ್ಡವರ ಸಾಲಿನಲ್ಲೇ.) ಗಾಡಿಯನ್ನು ದೂರ ಓಡಿಸಿ ನೋಡುವ ಧೈರ್ಯ ಮಾಡಿದವರು ಅವರ ಹೆಂಡತಿ ಬರ್ಥಾ. 1888ರ ಆಗಸ್ಟ್‌ನಲ್ಲಿ ಒಂದು ಬೆಳಗ್ಗೆ ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಮ್ಯಾನ್‌ಹೈಮ್‌ನಿಂದ ಸುಮಾರು 100 ಕಿಲೋಮೀಟರ್ ದೂರದ ಫೋರ್ಟ್ಸ್‌ಹೈಮ್‌ನ ತವರುಮನೆಗೆ ಹೊರಟೇಬಿಟ್ಟರು. ದಾರಿಯುದ್ದಕ್ಕೂ ಗಾಡಿ ಒಂದೊಂದೇ ತಕರಾರು ತೆಗೆಯಿತು. ಇಂಧನ ಮುಗಿಯಿತು, ವೀಸ್‌ಲಾಖ್‌ನಲ್ಲಿ ಔಷಧಿ ಅಂಗಡಿಯಿಂದ ಕೊಂಡರು. ಇಂಧನದ ನಳಿಗೆ ಕಟ್ಟಿಕೊಂಡಿತು. ಟೋಪಿಗೆ ಸಿಕ್ಕಿಸಿಕೊಂಡಿದ್ದ ಪಿನ್ನಿನಿಂದ ಚುಚ್ಚಿ ಬಿಡಿಸಿದರು. ಮರದ ಬ್ರೇಕ್ ಸವೆಯಿತು. ಚಮ್ಮಾರನೊಬ್ಬನ ಹತ್ತಿರ ಅದಕ್ಕೆ ಚರ್ಮ ಹೊಡೆಸಿದರು. ಏರು ಬಂದಾಗ ಗಾಡಿ ಹತ್ತಲಿಲ್ಲ. ಮಕ್ಕಳು ಇಳಿದು ತಳ್ಳಿದರು. ಹಿಂದಿರುಗಿದ ಮೇಲೆ ಬರ್ಥಾ ಹೇಳಿದ್ದನ್ನು ಕೇಳಿಕೊಂಡೇ ಕಾರ್ಲ್ ಏರು ಹತ್ತಲು ಇನ್ನೊಂದು ಗೇರ್ ಸೇರಿಸಿದರು. ಟೋಪಿಗೂ ಕಾರಿಗೂ ಅದೇನು ನಂಟೋ, ರಟ್ಟೂ ಅಲ್ಲಿಂದಲೇ ಬಂತು, ಪಿನ್ನೂ ಅಲ್ಲಿಂದಲೇ.

ನಿನ್ನೆ ರಾತ್ರಿ ನಾನು ಇನ್ನೊಂದು ಕೆಲಸ ಮಾಡಹೋಗಿ ಕೆಡಿಸಿದೆ, ಅದನ್ನೂ ಹೇಳಿಬಿಡುತ್ತೇನೆ. ಹೊಟ್ಟೆಯ ಮೇಲೆ ಮೆತ್ತಿದ್ದ ಬಿಳಿ ಹಾಳೆಯನ್ನು ನಿಧಾನವಾಗಿ ಸುಲಿದೆ. ಗೋಂದು ಗಟ್ಟಿಯಾಗಿ ಹಿಡಿದಿತ್ತು. ಹಾಳೆ ಬರುವಾಗ ಡಬ್ಬದ ಮೇಲ್ಪದರವನ್ನೂ ಕಿತ್ತುಕೊಂಡೇ ಬಂತು. ಈಗ ಡಬ್ಬದ ಹೊಟ್ಟೆ ಬೋಳು, ಕಂದು ಬಣ್ಣದ ಜೂಲು ಜೂಲು. ನಿನ್ನ ಅಕ್ಷರ ಎರಡು ಪದರಗಳ ನಡುವೆ ಸಿಕ್ಕಿಕೊಂಡು ಹಾಳೆಯ ಜೊತೆ ಹೊರಟುಹೋಯಿತು. ಹಾಳೆಯನ್ನು ಎಸೆದಿಲ್ಲ. ಕಿಟಕಿಯ ಬೆಳಕಿಗೆ ಹಿಡಿದರೆ "ಎಡಕ್ಕೆ ಯಾಕೆ" ಎನ್ನುವಷ್ಟು ಮಸುಕಾಗಿ ಕಾಣುತ್ತದೆ, ಪ್ರಶ್ನಾರ್ಥಕ ಚಿಹ್ನೆ ಹರಿದಿದೆ.

ನಿನ್ನ ನಾಲ್ಕು ಚಕ್ರ, ಎರಡು ಕಡ್ಡಿ, ಆ ಹಾಳೆ, ಮಂಚದ ಕೆಳಗಿನ ಬಾನೆಟ್ ಎಲ್ಲವನ್ನೂ ಒಂದು ಲಕೋಟೆಗೆ ಹಾಕಿ ನಿನ್ನ ಮೇಜಿನ ಮೇಲಿಟ್ಟಿದ್ದೇನೆ. ಸ್ಟ್ರಾಗಳು ಮೊದಲು ಇದ್ದ ಜಾಗ ಡಬ್ಬದ ಅಂಚಿನಲ್ಲಿ ಟೇಪ್ ಅಂಟಿದ ಗುರುತಿನಿಂದ ಇನ್ನೂ ಗೊತ್ತಾಗುತ್ತದೆ. ನನ್ನ ಚಕ್ರಗಳನ್ನು ನೀನೇ ಕೀಳು. ಕಟ್ಟರ್ ಬೇಕಾದರೆ ಮಾತ್ರ ನನ್ನನ್ನು ಕರೆ, ಅದು ನಿನ್ನ ಕೈಗೆ ಇನ್ನೂ ಹರಿತ. ಉಳಿದಂತೆ ನಾನು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು, ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತಿರುತ್ತೇನೆ.

ಇಂತಿ ನಿನ್ನ,
ಅಪ್ಪ