ಫೈಲಿಗೆ ಸರಿಯಾದ ಹೆಸರಿಡಿ

ಮಾನ್ಯರೇ,

ನನಗೆ ಕಣ್ಣು ಕಾಣುವುದಿಲ್ಲ. ಕಂಪ್ಯೂಟರ್ ಕೆಲಸವನ್ನೆಲ್ಲ ಎನ್‌ವಿಡಿಎ ಎಂಬ ಉಚಿತ ಸ್ಕ್ರೀನ್ ರೀಡರ್, ಅಂದರೆ ಪರದೆ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ, ಇಟ್ಟುಕೊಂಡು ಮಾಡುತ್ತೇನೆ. ‘ಕಾಣದೇ ಇದ್ದರೆ ಫೈಲ್ ಹುಡುಕೋದು ಹೇಗೆ?’ ಅಂತ ತುಂಬಾ ಜನ ಕೇಳುತ್ತಾರೆ. ಹುಡುಕುವುದೇನೂ ಕಷ್ಟವಲ್ಲ. ವಿಂಡೋಸ್ ಕೀ ಜೊತೆ ಇ ಒತ್ತಿದರೆ ಫೈಲ್ ಎಕ್ಸ್‌ಪ್ಲೋರರ್ ತೆರೆಯುತ್ತದೆ, ಬಾಣದ ಕೀ ಒತ್ತುತ್ತಾ ಹೋದ ಹಾಗೆ ಒಂದೊಂದೇ ಹೆಸರು ಕಿವಿಗೆ ಬೀಳುತ್ತದೆ, ಎಂಟರ್ ಒತ್ತಿದರೆ ಫೋಲ್ಡರ್ ಒಳಗೆ, ಆಲ್ಟ್ ಜೊತೆ ಮೇಲಿನ ಬಾಣ ಒತ್ತಿದರೆ ಒಂದು ಹಂತ ಮೇಲಕ್ಕೆ. ನೂರಾರು ಫೈಲ್ ಇದ್ದರೂ ಪರವಾಗಿಲ್ಲ. ಹೆಸರಿನ ಮೊದಲ ಎರಡು ಮೂರು ಅಕ್ಷರ ಬೇಗಬೇಗ ಟೈಪ್ ಮಾಡಿದರೆ ನೇರವಾಗಿ ಅಲ್ಲಿಗೇ ಹೋಗಬಹುದು.

ತೊಂದರೆ ಇರುವುದು ಹೆಸರಿನಲ್ಲೇ. ಕಾಣುವವರು ಪುಟ್ಟ ಚಿತ್ರ ನೋಡಿ ಫೈಲಿನ ಗುರುತು ಹಿಡಿಯುತ್ತಾರೆ, ನಮಗೆ ಹೆಸರೇ ಗುರುತು. ಮೊನ್ನೆ ಒಂದು ಕಚೇರಿಯಿಂದ 40 ಫೈಲ್ ಬಂದವು. ಎಲ್ಲವೂ ‘ಸ್ಕ್ಯಾನ್’ ಅಂತಲೇ ಶುರು, ಆಮೇಲೆ ಸಾಲಾಗಿ ಸೊನ್ನೆಗಳು, ಕೊನೆಗೊಂದು ಅಂಕಿ. ಎಸ್ ಒತ್ತಿ ಏನು ಪ್ರಯೋಜನ? ಪ್ರತಿ ಸಲ ಕೊನೆಯ ಅಂಕಿ ಬರುವ ತನಕ ಕಾಯಬೇಕು, ಅದನ್ನು ಕೇಳಿದ ಮೇಲೂ ಒಳಗೆ ಏನಿದೆ ಅಂತ ಗೊತ್ತಾಗುವುದಿಲ್ಲ, ಹೀಗೆ ತೆರೆದು ಮುಚ್ಚಿ ತೆರೆದು ಮುಚ್ಚಿ ಅರ್ಧ ದಿನ ಹೋಯಿತು. ಕೆಲವಂತೂ ಬರೀ ಫೋಟೊ ತೆಗೆದಂಥ ಪಿಡಿಎಫ್, ಓದಿಸಲು ಅಕ್ಷರವೇ ಇಲ್ಲ.

ದಯವಿಟ್ಟು ಕಳಿಸುವ ಮುಂಚೆ ಎಫ್2 ಒತ್ತಿ ಹೆಸರು ಬದಲಿಸಿ. ಸಂಸ್ಥೆಯ ಹೆಸರನ್ನು ಎಲ್ಲದರ ಮುಂದೆಯೂ ಸೇರಿಸಬೇಡಿ, ಅದು ಪ್ರತಿ ಸಲವೂ ಕಿವಿಗೆ ಬಡಿಯುತ್ತದೆ. ಬೇರೆ ಬೇರೆ ಇರುವ ಪದ ಮೊದಲು ಬರಲಿ: ‘ರಜೆ ಅರ್ಜಿ’, ‘ಬಾಡಿಗೆ ಕರಾರು’. ದಿನಾಂಕ ಹಾಕುವುದಾದರೆ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಹಾಕಿ, ಆಗ ಫೈಲ್‌ಗಳೂ ಅದೇ ಸಾಲಿನಲ್ಲಿ ಕೂರುತ್ತವೆ.

ಇನ್ನೊಂದು ಮಾತು. ಎಲ್ಲರೂ ಸೇರಿ ಬಳಸುವ ಫೋಲ್ಡರನ್ನು ಯಾರೋ ಒಳ್ಳೆಯ ಮನಸ್ಸಿನಿಂದಲೇ ಒಂದು ದಿನ ಓರಣ ಮಾಡಿಬಿಡುತ್ತಾರೆ. ನಮಗೆ ದಾರಿ ನೆನಪಿರುವುದು ಬೆರಳಿನಲ್ಲಿ: ಡಿ, ಎಂಟರ್, ಎಲ್ ಎರಡು ಸಲ, ಎಂಟರ್. ಮಧ್ಯೆ ಒಂದು ಫೋಲ್ಡರ್ ಹೊಸದಾಗಿ ಬಂದರೂ ಆ ದಾರಿ ತಪ್ಪಿಹೋಗುತ್ತದೆ, ಮತ್ತೆ ಮೊದಲಿಂದ ಎಲ್ಲವನ್ನೂ ಕೇಳಿಸಿಕೊಂಡು ಬರಬೇಕು. ಬದಲಾಯಿಸಬೇಡಿ ಅಂತ ಹೇಳುತ್ತಿಲ್ಲ. ಏನನ್ನು ಎಲ್ಲಿಗೆ ಸರಿಸಿದಿರಿ ಅಂತ ಒಂದು ಸಾಲು ಬರೆದು ಕಳಿಸಿದರೆ ಸಾಕು.

– ಒಬ್ಬ ಓದುಗ